ಮೇಷ್ಟ್ರ ಕಾಲ್ಗುಣ

ಕ್ರಿಕೆಟ್ ಪಂದ್ಯವಿರುವ ದಿನ ನಮ್ಮ ಮನೆಯಲ್ಲಿ ತೆಂಗಿನಕಾಯಿ ತುರಿಯುವವನು ನಾನು. ಇಷ್ಟನ್ನೇ ಓದಿ, ಎಂಥ ಸದ್ಗೃಹಸ್ಥ ಎಂದು ತಾವು ತಲೆದೂಗುವ ಮೊದಲೇ ನಿಜ ಸಂಗತಿಯನ್ನು ಒಪ್ಪಿಸಿಬಿಡುವುದು ಒಳ್ಳೆಯದು. ನಾನು ಟಿ.ವಿ. ಮುಂದೆ ಕೂತ ಮರುಗಳಿಗೆಯಲ್ಲೇ ವಿಕೆಟ್ ಬೀಳುತ್ತದೆ ಎಂಬುದು ನನ್ನ ಹೆಂಡತಿ, ಮಗಳು ಇಬ್ಬರೂ ಸೇರಿ ವರ್ಷಾನುಗಟ್ಟಲೆ ವೀಕ್ಷಣೆ ನಡೆಸಿ ಸ್ಥಾಪಿಸಿರುವ ಸಿದ್ಧಾಂತ. ಆದ್ದರಿಂದ ಟಾಸ್ ಆಗುತ್ತಿದ್ದಂತೆ ನನ್ನ ಕೈಗೊಂದು ಕಾಯಿ ಹೋಳು ಕೊಟ್ಟು ಅಡುಗೆಮನೆಗೆ ಗಡೀಪಾರು ಮಾಡುತ್ತಾರೆ. ಮಗಳು ಭೌತಶಾಸ್ತ್ರ ಓದಿದವಳು. ನೀನಾದರೂ ಇದನ್ನು ನಂಬುವುದೇ ತಾಯಿ ಎಂದು ಕೇಳಿದರೆ, ನೋಡುವವನ ದೆಸೆಯಿಂದ ನೋಡಿದ್ದು ಬದಲಾಗುತ್ತದೆ ಅಂತ ವಿಜ್ಞಾನವೇ ಹೇಳಿದೆ ಅಪ್ಪಾ, ನೀನು ಸುಮ್ಮನೆ ಕಾಯಿ ತುರಿ ಎನ್ನುತ್ತಾಳೆ. ಎದುರಾಳಿಗಳು ಬ್ಯಾಟಿಂಗ್ ಮಾಡುವಾಗ ಮಾತ್ರ ನನಗೆ ಸೋಫಾದ ಮೇಲೆ ಸಿಂಹಾಸನ. ಆಗ ನಾನು ಕೂತಿರಲೇಬೇಕು. ನೀರು ಕುಡಿಯಲು ಎದ್ದರೂ ಜಗಳ.

ಈ ವಿಷಯದಲ್ಲಿ ನಮ್ಮ ಮನೆಯವರದ್ದೇ ವಿಶೇಷವೇನಲ್ಲ. ಪಕ್ಕದ ಮನೆಯ ನಿವೃತ್ತ ಇಂಜಿನಿಯರರು ಪಂದ್ಯ ಮುಗಿಯುವ ತನಕ ಎಡಗಾಲ ಮೇಲಿಟ್ಟ ಬಲಗಾಲನ್ನು ಇಳಿಸುವವರಲ್ಲ. ಒಮ್ಮೆ ಗೆದ್ದ ಸಂಭ್ರಮಕ್ಕೆ ಎದ್ದು ಕುಣಿಯಹೋಗಿ, ಜೋಮು ಹಿಡಿದ ಕಾಲು ಸಹಕರಿಸದೆ ಕುರ್ಚಿಸಮೇತ ಮಗುಚಿಕೊಂಡರು. ಕಾಲೇಜಿನಲ್ಲಿ ತರ್ಕಶಾಸ್ತ್ರ ಬೋಧಿಸುತ್ತಿದ್ದ ನನ್ನ ಸಹೋದ್ಯೋಗಿಯೊಬ್ಬರು ಮೊದಲ ಪಂದ್ಯ ಗೆದ್ದ ದಿನ ತೊಟ್ಟಿದ್ದ ಅಂಗಿಯನ್ನು ಸರಣಿ ಮುಗಿಯುವವರೆಗೂ ಒಗೆಯಲು ಬಿಡುತ್ತಿರಲಿಲ್ಲ, ಮತ್ತು ಸರಣಿಯ ಕೊನೆಯ ವಾರದಲ್ಲಿ ಅವರ ತರ್ಕಕ್ಕೆ ಎದುರು ನಿಲ್ಲುವವರು ಸ್ಟಾಫ್ ರೂಮಿನಲ್ಲಿ ಯಾರೂ ಇರುತ್ತಿರಲಿಲ್ಲ. ಆಡುವವನ ಕೈಯಲ್ಲಿ ಬ್ಯಾಟಾದರೂ ಇರುತ್ತದೆ, ನೋಡುವವನ ಕೈಯಲ್ಲಿ ಏನಿದೆ ಹೇಳಿ? ಪ್ರೀತಿಯಿದ್ದು ಅಧಿಕಾರವಿಲ್ಲದ ಕಡೆಯಲ್ಲೆಲ್ಲ ಮನುಷ್ಯ ಇಂಥ ಕ್ಷುದ್ರ ವ್ರತಗಳನ್ನು ಹುಟ್ಟಿಸಿಕೊಳ್ಳುತ್ತಾನೆ. ಹೀಗೆಂದು ನಾಲ್ಕು ಜನರ ಮುಂದೆ ಗಂಭೀರವಾಗಿ ವಿವರಿಸಬಲ್ಲ ನಾನು, ನನ್ನ ಗಡೀಪಾರನ್ನು ಮಾತ್ರ ಎಂದೂ ಪ್ರತಿಭಟಿಸಿದವನಲ್ಲ. ಏಕೆಂದರೆ ಆ ಶಿಕ್ಷೆ ನನಗೆ ಹೊಸದಲ್ಲ. ಪಂದ್ಯದ ಕೂಗನ್ನು ಮರೆಯಲ್ಲಿ ಕೂತು ಕೇಳುವುದನ್ನು ನಾನು ಕಲಿತದ್ದು ನಮ್ಮೂರಿನಲ್ಲಿ, ಬಹಳ ವರ್ಷಗಳ ಹಿಂದೆ. ಕಾಯಿ ತುರಿಯುತ್ತ ಅದು ನೆನಪಾದರೆ ಕೈ ತಾನಾಗಿ ನಿಂತುಬಿಡುತ್ತದೆ.

ನಮ್ಮೂರು ಕಲ್ಲುಬಾವಿದೊಡ್ಡಿ. ಹಾರೋಹಳ್ಳಿ ದಾಟಿ ಕನಕಪುರದ ರಸ್ತೆಯಿಂದ ಒಳಕ್ಕೆ ತಿರುಗಬೇಕು. ಎರಡು ಸಾವಿರದ ಇಸವಿ ಕಳೆದು ಹಾರೋಹಳ್ಳಿಯ ಸುತ್ತ ಕೈಗಾರಿಕಾ ಪ್ರದೇಶ ಹಬ್ಬುತ್ತಿದ್ದ ಕಾಲವದು. ನಿನ್ನೆ ಹುರುಳಿ ಒಣಗುತ್ತಿದ್ದ ಬಯಲಿನಲ್ಲಿ ಇಂದು ನೀಲಿ ತಗಡಿನ ಶೆಡ್ಡು ಎದ್ದಿರುತ್ತಿತ್ತು. ದನ ಕಾಯುತ್ತಿದ್ದ ಹುಡುಗರು ಎದೆಯ ಮೇಲೆ ಕಂಪನಿಯ ಹೆಸರು ಹೊಲಿಸಿಕೊಂಡ ಅಂಗಿ ತೊಟ್ಟು ಬೆಳಗಿನ ಶಿಫ್ಟಿನ ಬಸ್ಸಿಗೆ ಕಾಯುತ್ತಿದ್ದರು. ಕಾರ್ಖಾನೆ ಅವರಿಗೆ ಎರಡು ವಸ್ತು ಕೊಟ್ಟಿತು: ಸಂಬಳ, ಮತ್ತು ವಾರಕ್ಕೊಂದು ರಜೆ. ಸಂಬಳದಿಂದ ಬ್ಯಾಟು ಬಂತು, ರಜೆಯಿಂದ ತಂಡ ಹುಟ್ಟಿತು. ಊರ ಪಕ್ಕದ ಗೋಮಾಳವೇ ಮೈದಾನ. ಕಲ್ಲಾಗಿ ಕೂತಿರುವ ಊರದೇವರ ಹೆಸರಿನಲ್ಲೇ ತಂಡಕ್ಕೆ ‘ಜೈ ಮುನೇಶ್ವರ ಕ್ರಿಕೆಟರ್ಸ್’ ಎಂದು ನಾಮಕರಣವಾಯಿತು. ಹೀಗೆ ದೇವರನ್ನು ಆಟದೊಳಕ್ಕೆ ಎಳೆದುತಂದದ್ದೇ ಮುಂದಿನ ಅನರ್ಥಗಳಿಗೆಲ್ಲ ಮೂಲ ಎಂದು ವಾದಿಸುವವರು ಊರಲ್ಲಿ ಈಗಲೂ ಇದ್ದಾರೆ.

ತಂಡದ ಕ್ಯಾಪ್ಟನ್ ಸಿದ್ದರಾಜು ನನ್ನ ಬಾಲ್ಯದ ಗೆಳೆಯ. ಒಂದೇ ಬೆಂಚಿನಲ್ಲಿ ಕೂತು ಓದಿದವರು, ಅಂದರೆ ನಾನು ಓದಿದೆ, ಅವನು ಕೂತಿದ್ದ. ಚಿಕ್ಕಂದಿನಿಂದಲೂ ನಮ್ಮ ನಡುವೆ ಶ್ರಮವಿಭಜನೆ ಸ್ಪಷ್ಟವಾಗಿತ್ತು. ಅವನು ಚೆಂಡನ್ನು ಬಾರಿಸುವುದು, ನಾನು ಲಂಟಾನದ ಪೊದೆಗೆ ನುಗ್ಗಿ ಅದನ್ನು ಹುಡುಕಿ ತರುವುದು. ನಾನು ಬೆಳೆದು ಕನಕಪುರದ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕನಾಗಿ, ಸಮಾಸ ಸಂಧಿಗಳ ನಡುವೆ ಕಳೆದುಹೋದೆ. ಅವನು ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗ ಸೇರಿದ, ಜೊತೆಗೆ ಗೋಮಾಳದ ಮಗ್ಗುಲಲ್ಲೇ ಇದ್ದ ಹಿಪ್ಪುನೇರಳೆ ತೋಟವನ್ನೂ ನೋಡಿಕೊಳ್ಳುತ್ತಿದ್ದ. ಭಾನುವಾರ ಬಂತೆಂದರೆ ನಾನು ಕನಕಪುರದಿಂದ ಬಸ್ಸು ಹತ್ತಿ, ಬಿಸಿಲಿಗೆ ಕೊಡೆ ಬಿಡಿಸಿಕೊಂಡು, ಊರ ತಿರುವಿನಿಂದ ನಡೆದು ಮೈದಾನಕ್ಕೆ ಬಂದು ಕೂರುತ್ತಿದ್ದೆ. ಆ ಭಾನುವಾರಗಳಿಗಾಗಿ ನನ್ನ ಜೀವ ಇವತ್ತಿಗೂ ಹಂಬಲಿಸುತ್ತದೆ. ಸಂಜೆಯ ಧೂಳು, ಬೆವರು, ಪಕ್ಕದ ತೋಟದ ಹಸಿ ಸೊಪ್ಪಿನ ವಾಸನೆ, ಯಾರೋ ನನಗಾಗಿ ಹಿಡಿದಿಟ್ಟ ಜಾಗ. ಇವಕ್ಕಿಂತ ದೊಡ್ಡ ಸುಖ ನನಗೆ ಆಮೇಲೆ ಸಿಕ್ಕಿದ್ದು ಕಾಣೆ.

ಒಂದೇ ತೊಂದರೆಯೆಂದರೆ, ನಮ್ಮವರು ಗೆಲ್ಲುತ್ತಿರಲಿಲ್ಲ. ಸೋಲುವುದರಲ್ಲೂ ಒಂದು ಪ್ರತಿಭೆ ಬೇಕು, ನಮ್ಮ ತಂಡಕ್ಕೆ ಅದು ಧಾರಾಳವಾಗಿತ್ತು. ಒಮ್ಮೆ ಎದುರಾಳಿಯ ಕೊನೆಯ ಆಟಗಾರ ಹೊಡೆದ ಚೆಂಡು ಮೈದಾನದ ನಡುವೆಯೇ ಹಾದುಹೋಗುತ್ತಿದ್ದ ಸೊಪ್ಪಿನ ಗಾಡಿಯೊಳಕ್ಕೆ ಬಿತ್ತು. ಗಾಡಿಯವನು ತನ್ನ ಪಾಡಿಗೆ ಹಾರೋಹಳ್ಳಿಯ ಕಡೆ ಹೊರಟ, ನಮ್ಮವರು ಗಾಡಿಯ ಹಿಂದೆ ಓಡಿದರು, ಅವರಿಬ್ಬರು ವಿಕೆಟ್ ನಡುವೆ ಓಡಿದರು. ಎತ್ತುಗಳನ್ನು ನಿಲ್ಲಿಸಿ ಸೊಪ್ಪನ್ನು ಕೆದಕಿ ಚೆಂಡು ತರುವಷ್ಟರಲ್ಲಿ ಪಂದ್ಯ ಮುಗಿದು, ಓಡಿ ಸುಸ್ತಾದ ಗೆದ್ದವರು ನೆರಳಲ್ಲಿ ಮಲಗಿದ್ದರು. ಇನ್ನೊಮ್ಮೆ ಚನ್ನಪಟ್ಟಣದ ಗೊಂಬೆ ಮಾಡುವವರೊಬ್ಬರಿಂದ ಅಭಿಮಾನಪೂರ್ವಕವಾಗಿ ಮಾಡಿಸಿ ತಂದ, ಅರಗಿನ ಬಣ್ಣ ಮಿರಮಿರ ಮಿಂಚುತ್ತಿದ್ದ ಬ್ಯಾಟು, ಆಟಿಕೆಯ ಮೆದು ಮರದ್ದಾದ್ದರಿಂದ, ಮೊದಲ ಹೊಡೆತಕ್ಕೇ ಸೀಳಿ ಎರಡಾಯಿತು. ನಿಯಮದ ಪ್ರಕಾರ ಯಾವ ತುಂಡು ಸ್ಟಂಪಿಗೆ ತಗುಲಿದರೆ ಔಟು ಎಂದು ಅಂಪೈರು ಯೋಚಿಸುತ್ತಿರುವಾಗಲೇ ಸ್ಟಂಪು ಹಾರಿತು.

ಇಷ್ಟಾದ ಮೇಲೆ ಕಾರಣ ಹುಡುಕದೆ ಇರಲು ಆಗುತ್ತದೆಯೇ? ಕಾರಣ ಹುಡುಕಿದವನು ರೇವಣ್ಣ. ಊರಲ್ಲಿ ಚಿಲ್ಲರೆ ಅಂಗಡಿ ಇಟ್ಟಿದ್ದ ಇವನು ಬ್ಯಾಟು ಮುಟ್ಟಿದವನಲ್ಲ. ಟೂರ್ನಮೆಂಟಿನ ದಿನ ಮೈಕು ಹಿಡಿದು ವೀಕ್ಷಕ ವಿವರಣೆ ಕೊಡುವುದು ಅವನ ಸೇವೆ. ಅವನು ನೆನಪಿಸಿದ: ತಂಡ ಕಟ್ಟಿದ ಹೊಸತರಲ್ಲಿ ಮಾಗಡಿ ಕಡೆಯ ಒಂದು ಊರಿನಲ್ಲಿ ನಮ್ಮವರು ಒಂದೇ ಒಂದು ಸಲ ಗೆದ್ದಿದ್ದರು. ಗೆದ್ದವರಿಗೆ ಬಹುಮಾನ ಒಂದು ಟಗರು. ಹೊರಡುವ ಮುನ್ನ, ಗೆದ್ದು ಬಂದರೆ ಒಂದು ಹುಂಜ ಕೊಡುತ್ತೇವೆಂದು ಮುನೇಶ್ವರನಿಗೆ ಹರಸಿಕೊಂಡಿದ್ದರು. ಟಗರು ಬಂದ ಉತ್ಸಾಹದಲ್ಲಿ ಹುಂಜ ಮರೆತೇಹೋಯಿತು. ಊರೆಲ್ಲ ಕೂತು ಟಗರನ್ನು ಉಂಡಿತು, ಮುನೇಶ್ವರನ ಪಾಲಿಗೆ ಘಮಲು ಮಾತ್ರ ಹೋಯಿತು. ಆವತ್ತಿನಿಂದ ನೋಡಿ, ತಂಡ ಮತ್ತೆ ಗೆದ್ದಿಲ್ಲ.

ಈ ಶಾಪಕ್ಕೆ ಪರಿಹಾರ ಸುಲಭ ಎಂದು ತಾವು ಅಂದುಕೊಳ್ಳಬಹುದು. ಆದರೆ ಅಷ್ಟರಲ್ಲಿ ಮುನೇಶ್ವರನ ಕಲ್ಲಿದ್ದ ಜಾಗ ಭೂಸ್ವಾಧೀನವಾಗಿ, ಅದರ ಸುತ್ತ ಒಂದು ಕಾರ್ಖಾನೆಯ ಕಾಂಪೌಂಡ್ ಎದ್ದಿತ್ತು. ದೇವರು ಜನರೇಟರ್ ಕೋಣೆಗೂ ಸೈಕಲ್ ಸ್ಟ್ಯಾಂಡಿಗೂ ನಡುವೆ ಸಿಕ್ಕಿಕೊಂಡಿದ್ದ. ಸಿದ್ದರಾಜು ಹುಂಜವನ್ನು ಕಂಕುಳಲ್ಲಿಟ್ಟುಕೊಂಡು, ಹಿಂದೆ ತಂಡವನ್ನು ಕಟ್ಟಿಕೊಂಡು ಗೇಟಿಗೆ ಹೋದರೆ, ಉತ್ತರದೇಶದ ಸೆಕ್ಯೂರಿಟಿಯವನು ‘ಅಂದರ್ ಮುರ್ಗಾ ನಹೀ’ ಎಂದು ಅಡ್ಡ ನಿಂತ. ಬಹಳ ಹೊತ್ತಿನ ಸಂಧಾನದ ನಂತರ ಮ್ಯಾನೇಜರರು ದೇವರಿಗೆ ಹುಂಜವನ್ನು ತೋರಿಸಬಹುದು, ಕುಯ್ಯುವಂತಿಲ್ಲ ಎಂದು ತೀರ್ಪು ಕೊಟ್ಟರು. ಸಿದ್ದರಾಜು ಒಳಗೆ ಹೋಗಿ ಹುಂಜವನ್ನು ಎರಡೂ ಕೈಲಿ ಎತ್ತಿ ಹಿಡಿದು ಕಲ್ಲಿನ ಮುಂದೆ ನಿಂತ.

“ನೋಡ್ಕಳಪ್ಪಾ, ಇದೇ ಹುಂಜ. ಇಲ್ಲಿ ಕುಯ್ಯಂಗಿಲ್ಲ ಅಂತಾರೆ. ಆಚೆ ಕುಯ್ತೀವಿ, ನೀನು ಇಲ್ಲಿಂದ್ಲೇ ಒಪ್ಕೊಂಬುಡು.”

ಮುನೇಶ್ವರ ಒಪ್ಪಿದನೋ ಇಲ್ಲವೋ, ಮುಂದಿನ ಭಾನುವಾರ ನಮ್ಮವರು ಸೋತರು. ತೋರಿಸಿದ್ದು ಕೊಟ್ಟಂತಾಗುತ್ತದೆಯೇ ಎಂಬ ಮೀಮಾಂಸೆ ರೇವಣ್ಣನ ಅಂಗಡಿಯ ಮುಂದೆ ಬಹಳ ಕಾಲ ನಡೆಯಿತು. ರೇವಣ್ಣ ಮಾಂಸ ಮುಟ್ಟದ ಮನೆಯವನಾದ್ದರಿಂದ, ಕೋಳಿ ಸಾರಿನಲ್ಲಿ ಪಾಲಿಲ್ಲದ ನಿಷ್ಪಕ್ಷಪಾತಿಯಾಗಿ ಅವನ ಮಾತಿಗೆ ಹೆಚ್ಚಿನ ತೂಕವಿತ್ತು. ಅವನು ತಲೆಯಾಡಿಸಿಬಿಟ್ಟ.

ಆಮೇಲೆ ವಾಸ್ತುವಿನವರು ಬಂದರು. ಆ ದಶಕದಲ್ಲಿ ಜನಕ್ಕೆ ಬಂದಿದ್ದ ವಾಸ್ತುವಿನ ಜ್ವರ ತಮಗೂ ನೆನಪಿರಬಹುದು. ಬಾಗಿಲು ಕಿತ್ತು ಕಿಟಕಿ ಮಾಡಿ, ಕಿಟಕಿಯಿಂದಲೇ ಓಡಾಡಿದ ಕುಟುಂಬಗಳಿದ್ದವು. ರಾಮನಗರದಿಂದ ಬಂದ ಪಂಡಿತರು ಮೈದಾನವನ್ನು ದಿಕ್ಸೂಚಿ ಹಿಡಿದು ಅಳೆದು, ಉತ್ತರ ದಕ್ಷಿಣವಾಗಿದ್ದ ಪಿಚ್ಚನ್ನು ನೋಡಿ ಹೌಹಾರಿದರು. ದಕ್ಷಿಣಕ್ಕೆ ಮುಖ ಮಾಡಿ ನಿಲ್ಲುವುದೆಂದರೆ ಯಮನಿಗೆ ಎದುರು ನಿಂತಂತೆ, ಔಟಾಗದೆ ಇನ್ನೇನಾಗುತ್ತದೆ? ಸರಿ, ಹುಡುಗರು ರಜೆ ಹಾಕಿ, ಗುದ್ದಲಿ ಹಿಡಿದು, ಪಿಚ್ಚನ್ನು ಪೂರ್ವ ಪಶ್ಚಿಮಕ್ಕೆ ತಿರುಗಿಸಿ, ಸಗಣಿ ಸಾರಿಸಿ, ಮೂಲೆಗೊಂದು ನಿಂಬೆಹಣ್ಣು ಹೂತರು. ಜಗತ್ತಿನಲ್ಲೆಲ್ಲ ಪಿಚ್ಚನ್ನು ಉತ್ತರ ದಕ್ಷಿಣವಾಗಿ ಏಕೆ ಮಾಡುತ್ತಾರೆಂಬುದು ನಮಗೆ ತಿಳಿದದ್ದು ಮುಂದಿನ ಭಾನುವಾರದ ಇಳಿಹೊತ್ತಿನಲ್ಲಿ. ಎರಡನೆಯದಾಗಿ ಬ್ಯಾಟಿಂಗಿಗೆ ಇಳಿದ ನಮ್ಮವರು ಪಶ್ಚಿಮಕ್ಕೆ ತಿರುಗಿ ನಿಂತರೆ ಕಣ್ಣ ಮುಂದೆ ನೇರ ಸೂರ್ಯನಾರಾಯಣ. ಬೌಲರು ಕಾಣದು, ಚೆಂಡು ಕಾಣದು. ಒಬ್ಬೊಬ್ಬರಾಗಿ ಹಣೆಗೆ ಕೈ ಹಚ್ಚಿಕೊಂಡು ಹೋಗಿ ಹಾಗೇ ಮರಳಿದರು. ದೂರದಿಂದ ನೋಡಿದವರಿಗೆ ಇಡೀ ತಂಡ ಸೂರ್ಯನಮಸ್ಕಾರಕ್ಕೆ ಬಂದಂತಿತ್ತು. ಈ ಸಲಹೆಗೆ ಪಕ್ಕದಲ್ಲಿ ಕೂತು ಎಂ.ಎ. ಪದವೀಧರನಾದ ನಾನೂ ಗೋಣು ಹಾಕಿದ್ದೆ ಎಂಬುದನ್ನು ಇಲ್ಲಿ ಮರೆಮಾಚುವುದಿಲ್ಲ.

ದೇವರ ತಪ್ಪಲ್ಲ, ದಿಕ್ಕಿನ ತಪ್ಪೂ ಅಲ್ಲ ಎಂದಾದ ಮೇಲೆ ಉಳಿದದ್ದು ಮನುಷ್ಯರು. ರೇವಣ್ಣ ಮೈಕಿನ ಮುಂದೆ ಕೂತೇ ಸಂಶೋಧನೆ ನಡೆಸುತ್ತಿದ್ದನೆಂದು ನನಗೆ ಗೊತ್ತಿರಲಿಲ್ಲ. ತಿರುವಿನಲ್ಲಿ ನನ್ನ ಕೊಡೆ ಕಾಣಿಸಿಕೊಂಡಾಗಲೆಲ್ಲ ಒಂದು ವಿಕೆಟ್ ಬೀಳುತ್ತಿತ್ತಂತೆ. ಒಂದು ಭಾನುವಾರ ನನಗೆ ಬಸ್ಸು ತಪ್ಪಿತು; ತಂಡ ಗೆದ್ದಿತು. ಇನ್ನೊಂದು ಭಾನುವಾರ ಹೆಂಡತಿಯ ತವರಿನಲ್ಲಿ ನಾಮಕರಣ. ತಂಡ ಮತ್ತೆ ಗೆದ್ದಿತು. ಮೂರನೆಯ ವಾರ ನಾನು ಸಂತೋಷದಿಂದ ಪೇಡೆ ಕಟ್ಟಿಸಿಕೊಂಡು ಬಂದು ಕೂತೆ. ಪೇಡೆಯ ಪೊಟ್ಟಣ ಬಿಚ್ಚುವ ಸಂದರ್ಭವೇ ಬರಲಿಲ್ಲ. ಪಂದ್ಯ ಮುಗಿದ ಮೇಲೆ ರೇವಣ್ಣ ನನ್ನ ಪಕ್ಕ ಬಂದು, ಅಂಗಡಿಯಲ್ಲಿ ಸಾಲ ಕೇಳಿದವರಿಗೆ ಇಲ್ಲವೆನ್ನುವಾಗಿನ ಮೆಲುದನಿಯಲ್ಲಿ ಮಾತೆತ್ತಿದ.

“ಮೇಷ್ಟ್ರೇ, ತಪ್ಪು ತಿಳ್ಕಬ್ಯಾಡಿ. ನೀವು ಒಳ್ಳೇರೇಯ. ನಿಮ್ ಕಾಲ್ಗುಣ ಮಾತ್ರ ಒಸಿ ಸರಿ ಇಲ್ಲ.”

ಕಾಲ್ಗುಣವೆಂಬುದನ್ನು ನಾನು ಅಲ್ಲಿಯವರೆಗೆ ಹೊಸ ಸೊಸೆಗೆ, ಹೊಸದಾಗಿ ಕೊಂಡ ಎತ್ತಿಗೆ ಹೇಳುವುದನ್ನು ಕೇಳಿದ್ದೆ. ಕಾಲೇಜು ಮೇಷ್ಟ್ರಿಗೂ ಅದು ಅನ್ವಯವಾಗುತ್ತದೆಂದು ತಿಳಿದಿರಲಿಲ್ಲ. ನಕ್ಕುಬಿಟ್ಟೆ. ನಗುತ್ತಲೇ ಸಿದ್ದರಾಜುವಿನ ಕಡೆ ನೋಡಿದೆ. ಅವನು ನಗಲಿಲ್ಲ, ಬಗ್ಗಿ ಶೂ ದಾರವನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಕಾಲೇಜಿನಲ್ಲಿ ಮೂಢನಂಬಿಕೆಯ ವಿರುದ್ಧ ಭಾಷಣ ಸ್ಪರ್ಧೆಗೆ ವರ್ಷವೂ ನಾನೇ ತೀರ್ಪುಗಾರ. ಅಂಥ ನಾನು ಪೇಡೆಯ ಪೊಟ್ಟಣವನ್ನು ಮತ್ತೆ ಚೀಲಕ್ಕೆ ತುರುಕಿಕೊಂಡು ಎದ್ದೆ. ಬಹಳ ನೋವಾಯಿತು.

ಆದರೆ ಸಿದ್ದರಾಜುವಿಗೆ ಇದ್ದ ಆತುರ ನನಗೆ ಗೊತ್ತಿತ್ತು. ಕೈಗಾರಿಕಾ ಪ್ರದೇಶದ ಎರಡನೆಯ ಹಂತಕ್ಕೆ ನಮ್ಮ ಗೋಮಾಳವೂ, ಅದರ ಮಗ್ಗುಲಿನ ಅವನ ತೋಟವೂ ಸೇರಿ ನೋಟೀಸು ಬಂದಿತ್ತು. ಅಳತೆಯವರು ಬಂದು ಬೌಂಡರಿ ಗೆರೆಯ ಆಚೀಚೆ ಹಳದಿ ಬಣ್ಣ ಬಳಿದ ಕಲ್ಲುಗಳನ್ನು ನೆಟ್ಟು ಹೋಗಿದ್ದರು. ಬೇಸಿಗೆಯಲ್ಲಿ ನಡೆಯಲಿದ್ದ ಟೂರ್ನಮೆಂಟೇ ಆ ನೆಲದ ಮೇಲಿನ ಕಡೆಯ ಆಟ. ಅಂದು ತಿರುವಿನ ತನಕ ನನ್ನನ್ನು ಬಿಡಲು ಬಂದವನು ಬಸ್ಸು ಕಾಣಿಸಿದ ಮೇಲೆ ಬಾಯಿ ಬಿಟ್ಟ.

“ಗ್ರೌಂಡು ಹೋಗಾಕ್ ಮುಂಚೆ ನಮ್ ಊರಲ್ಲೇ ಒಂದ್ ಸಲ ಟೂರ್ನಮೆಂಟ್ ಗೆಲ್ಬೇಕು ಕಣ್ಲಾ ನಂಜಾ. ಆಚೆ ಗೆದ್ದಿದ್ದು ಲೆಕ್ಕಕ್ಕಿಲ್ಲ.”

“ನಾನು ಬರಾಕಿಲ್ಲ ಬುಡ್ಲಾ,” ಎಂದೆ. ಊರ ಭಾಷೆಯಲ್ಲಿ ಹೇಳಿದರೆ ಕಡಿಮೆ ನೋಯುತ್ತದೆಂದು ಎಣಿಸಿದ್ದೆ, ಹಾಗೇನೂ ಆಗಲಿಲ್ಲ.

ಬರುವುದಿಲ್ಲ ಎಂದವನು ನಿಜಕ್ಕೂ ಬಾರದೆ ಇದ್ದೆನೆಂದು ತಾವು ನಂಬಿದರೆ ತಮಗೆ ಇಂಥ ಚಟಗಳ ಪರಿಚಯವಿಲ್ಲ. ಟೂರ್ನಮೆಂಟ್ ಶುರುವಾದಾಗ ನಾನು ಊರಿಗೆ ಬಂದೆ, ಮೈದಾನದ ಕಡೆ ಮಾತ್ರ ಹೋಗದೆ ಹಿಂದಿನ ಓಣಿಯಿಂದ ನುಸುಳಿ ಸಿದ್ದರಾಜುವಿನ ಹುಳುಮನೆಯಲ್ಲಿ ಕೂತೆ. ಅವನ ಹೆಂಡತಿ ಜಯಮ್ಮ ರೇಷ್ಮೆಹುಳು ಸಾಕುವುದರಲ್ಲಿ ಹೆಸರಾದವಳು. ಹುಳುಮನೆಯೆಂದರೆ ಗೊತ್ತಲ್ಲ, ಹೊರಗಿನವರನ್ನು ಹೊಸಿಲು ದಾಟಿಸುವುದಿಲ್ಲ. ಒಬ್ಬರ ಕಣ್ಣು ಬಿದ್ದರೂ ಹುಳು ಕೆಡುತ್ತದೆಂಬ ಭಯ. ಮೈದಾನದಿಂದ ಬಹಿಷ್ಕೃತನಾದ ನನ್ನನ್ನು ಈ ಹೆಂಗಸು ಕಾಲು ತೊಳೆಸಿ ಆ ಮನೆಯೊಳಕ್ಕೇ ಕರೆದಳು, ಮಣೆ ಹಾಕಿ ಕೂರಿಸಿ ಸೊಪ್ಪು ಬಿಡಿಸಲು ಕೊಟ್ಟಳು. ನಾನು ಹಿಂಜರಿದೆ. ನನ್ನ ಕಾಲ್ಗುಣದ ಸಂಗತಿ ಅವಳಿಗೆ ತಿಳಿಯದ್ದೇನಲ್ಲ.

“ಸುಮ್ಕಿರಿ ಅಣ್ಣ,” ಎಂದಳು ಜಯಮ್ಮ. “ನಿಮ್ ಕಣ್ಣು ಕೆಟ್ಟದಾಗಿದ್ರೆ ನನ್ ಹುಳ ಹಿಂಗೆ ಮೇಯ್ತಿದ್ವಾ?”

ಅಲ್ಲಿ ಕೂತು ನಾನು ಇಡೀ ಟೂರ್ನಮೆಂಟನ್ನು ಕಿವಿಯಿಂದ ನೋಡಿದೆ. ರೇವಣ್ಣನ ಮೈಕು ಊರಿಗೆಲ್ಲ ಕೇಳುತ್ತಿತ್ತು. ನಮ್ಮವರು ಒಂದಾದ ಮೇಲೊಂದು ಪಂದ್ಯ ಗೆಲ್ಲುತ್ತ ಬಂದರು. ಪ್ರತಿ ಗೆಲುವಿಗೂ ನಾನು ಸೊಪ್ಪಿನ ರಾಶಿಯ ಮುಂದೆ ಎದ್ದು ಕುಣಿಯುವಷ್ಟು ಹಿಗ್ಗುತ್ತಿದ್ದೆ, ಮತ್ತು ಪ್ರತಿ ಗೆಲುವೂ ನನ್ನ ವಿರುದ್ಧ ಇನ್ನೊಂದು ಸಾಕ್ಷಿಯಾಗುತ್ತಿತ್ತು. ತನ್ನವರು ಗೆಲ್ಲಲಿ ಎಂದು ಬಯಸುವ, ಆದರೆ ತಾನಿಲ್ಲದೆ ಅಷ್ಟು ಸಲೀಸಾಗಿ ಗೆಲ್ಲದಿರಲಿ ಎಂದೂ ಬಯಸುವ ಆ ಮನಸ್ಥಿತಿಗೆ ಅಲಂಕಾರಶಾಸ್ತ್ರದಲ್ಲಿ ಏನು ಹೆಸರಿದೆಯೋ ನಾನು ಹುಡುಕಿದ್ದೇನೆ, ಸಿಕ್ಕಿಲ್ಲ. ಸಂಜೆ ಸಿದ್ದರಾಜು ಮನೆಗೆ ಬಂದು ಆಟವನ್ನೆಲ್ಲ ವರ್ಣಿಸುತ್ತಿದ್ದ. ಯಾವ ಚೆಂಡು ಎಲ್ಲಿ ಬಿತ್ತು, ತಾನು ಹೇಗೆ ಎತ್ತಿ ಹೊಡೆದೆ ಎಂದು ಅನ್ನದ ತಟ್ಟೆಯ ಮುಂದೆಯೇ ಕೈ ಬೀಸಿ ತೋರಿಸುವನು. ತೋರಿಸುತ್ತ ತೋರಿಸುತ್ತ ಮಧ್ಯದಲ್ಲಿ ನಿಂತುಬಿಡುವನು. ಹೇಳಿದ್ದನ್ನು ಕೇಳಿಸಿಕೊಳ್ಳುವುದಕ್ಕೂ ಕಣ್ಣಾರೆ ನೋಡುವುದಕ್ಕೂ ಇರುವ ಅಂತರ ನಮ್ಮಿಬ್ಬರಿಗೂ ತಿಳಿಯುತ್ತಿತ್ತು. ಆಗ ಜಯಮ್ಮ ಸಾರು ಬಡಿಸುವಳು, ಮಾತು ಬೇರೆ ಕಡೆ ಹೋಗುವುದು.

ಫೈನಲ್ ದಿನ ಹುಳುಗಳು ಹಣ್ಣಾಗಿದ್ದವು. ಹಣ್ಣಾದ ಹುಳು ಮೇವು ಬಿಟ್ಟು, ಮೈ ಬಂಗಾರದ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಅವನ್ನು ಆರಿಸಿ ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು; ತಡಮಾಡಿದರೆ ರೇಷ್ಮೆ ವ್ಯರ್ಥ. ಜಯಮ್ಮನ ಜೊತೆ ನಾನೂ ಹುಳು ಆರಿಸುತ್ತಿದ್ದೆ. ಆ ತೋಟದ ಸೊಪ್ಪಿಗೆ ಅದೇ ಕೊನೆಯ ಬೆಳೆ. ಹೊರಗೆ ರೇವಣ್ಣನ ದನಿ ಏರುತ್ತಿತ್ತು. ಎದುರಾಳಿಗಳದ್ದು ದೊಡ್ಡ ಮೊತ್ತವೇನಲ್ಲ, ಆದರೂ ನಮ್ಮವರು ಎಂದಿನಂತೆ ಸಾಲಾಗಿ ಔಟಾಗಿ, ಕೊನೆಯ ಜೋಡಿ ಉಳಿದಿತ್ತು. ಅದರಲ್ಲಿ ಒಬ್ಬ ಸಿದ್ದರಾಜು. ಅವನು ಹೊಡೆದ, ಓಡಿದ, ಮತ್ತೆ ಹೊಡೆದ. ಚೆಂಡುಗಳು ಇನ್ನೂ ಉಳಿದಿದ್ದವು, ಬೇಕಿದ್ದದ್ದು ಒಂದು ಬೌಂಡರಿ ಮಾತ್ರ. ರೇವಣ್ಣನ ಗಂಟಲು ಕಟ್ಟಿಹೋಗಿ ಮೈಕಿನಲ್ಲಿ ಉಸಿರಷ್ಟೇ ಕೇಳುತ್ತಿತ್ತು.

ಆಮೇಲೆ ಅದೂ ನಿಂತಿತು. ಯಾರೋ ಜಗಳವಾಡುವ ಸದ್ದು. ಮೈಕು ಕಿರ್ರೆಂದಿತು. ಅದರಲ್ಲಿ ಕೇಳಿದ ದನಿ ರೇವಣ್ಣನದಲ್ಲ.

“ಲೇ ನಂಜಾ, ಕೇಳಿಸ್ತೈತೇನ್ಲಾ? ಬಂದ್ಬುಡ್ಲಾ. ಗೆಲ್ತಾ ಇದೀವಿ ಕಣ್ಲಾ. ನೀನಿಲ್ದೆ ಗೆದ್ದು ಏನ್ಲಾ ಮಾಡಾನ?”

ಊರೆಲ್ಲ ಕೇಳಿತು. ನನ್ನ ಅಂಗೈಯಲ್ಲಿ ಹಣ್ಣುಹುಳುಗಳಿದ್ದವು. ಮೇಷ್ಟ್ರಾದ ನಾನು, ಭಾಷಣ ಸ್ಪರ್ಧೆಯ ತೀರ್ಪುಗಾರನಾದ ನಾನು, ಕರೆದ ಕೂಡಲೇ ಓಡಬೇಕಿತ್ತು. ಓಡಲಿಲ್ಲ. ನಾನು ಹೋದರೆ ಅವನು ಔಟಾಗುತ್ತಾನೆ ಎಂಬುದೊಂದೇ ತಲೆಯಲ್ಲಿತ್ತು. ಇಷ್ಟು ದಿನ ನಕ್ಕು ತಳ್ಳಿಹಾಕಿದ್ದು ಯಾವಾಗ ನನ್ನೊಳಗೂ ಹೊಕ್ಕು ಕೂತಿತ್ತೋ ತಿಳಿಯದು. ಜಯಮ್ಮ ನನ್ನ ಕೈಯಿಂದ ಹುಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು.

“ಹೋದ್ರೆ ಸೋಲ್ತಾರೆ ಜಯಮ್ಮ,” ಎಂದೆ.

“ಅವ್ರಿಗೆ ಗೊತ್ತಿಲ್ವಾ ಅಣ್ಣ ಅದು?” ಎಂದಳು ಅವಳು. “ಗೊತ್ತಿದ್ದೇ ಕರೀತಾವ್ರೆ. ಹೋಗಿ.”

ಓಡಿದೆ. ತೋಟದ ಬದುವಿನ ಮೇಲೆ ಪಂಚೆ ಎತ್ತಿ ಕಟ್ಟಿಕೊಂಡು, ಚಪ್ಪಲಿ ಬಿಟ್ಟು ಓಡಿದೆ. ನನ್ನನ್ನು ಕಂಡದ್ದೇ ಮೈದಾನದ ಸುತ್ತ ನಿಂತವರ ಬಾಯಿಂದ ಹೊರಟ ನಿಟ್ಟುಸಿರು ಈಗಲೂ ಕಿವಿಯಲ್ಲಿದೆ. ತಂಡದ ಹುಡುಗನೊಬ್ಬ ತಲೆಯ ಮೇಲೆ ಕೈ ಹೊತ್ತು ಕುಕ್ಕರಿಸಿದ. ರೇವಣ್ಣ ಮುಖ ತಿರುಗಿಸಿಕೊಂಡ. ಸಿದ್ದರಾಜು ಮಾತ್ರ ಪಿಚ್ಚಿನ ಮೇಲೆ ನಿಂತು ಬ್ಯಾಟು ಚಾಚಿ, ಬೌಂಡರಿಯ ಬಳಿ ಒಂದು ಹಳದಿ ಕಲ್ಲು ತೋರಿಸಿದ, ಅಲ್ಲಿ ಕೂರು ಎಂಬಂತೆ. ಕೂತೆ. ಅವನ ಮುಖದಲ್ಲಿ ಅಂಥ ನಗುವನ್ನು ನಾನು ಲಂಟಾನದ ಪೊದೆಗಳ ಕಾಲದಿಂದೀಚೆಗೆ ನೋಡಿರಲಿಲ್ಲ. ಬೌಲರು ಓಡಿ ಬಂದ. ಸಿದ್ದರಾಜು ಎರಡು ಹೆಜ್ಜೆ ಮುಂದೆ ಬಂದು ಎತ್ತಿ ಬಾರಿಸಿದ.

ಚೆಂಡು ಏರಿತು. ಏರುತ್ತಲೇ ಹೋಯಿತು. ಇಳಿಬಿಸಿಲಿನಲ್ಲಿ ಅದು ಒಂದು ಹಳದಿ ಚುಕ್ಕೆಯಾಗಿ ನಿಂತಾಗ ಇಡೀ ಮೈದಾನ ಕತ್ತೆತ್ತಿ ನೋಡುತ್ತಿತ್ತು. ಅದು ಇಳಿದದ್ದು ನನ್ನ ಎದುರಿಗೇ. ಗೆರೆಯಿಂದ ಒಂದು ಮಾರು ಒಳಗೆ, ಎದುರಾಳಿ ತಂಡದ ಒಬ್ಬ ಕುಳ್ಳ ಕೈಯೆರಡನ್ನೂ ಬಟ್ಟಲಿನಂತೆ ಹಿಡಿದು ಕಾಯುತ್ತಿದ್ದ. ಚೆಂಡು ಬಂದು ಅವನ ಕೈಯಲ್ಲಿ ಕೂತಿತು.

ಯಾರೂ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಗೆದ್ದವರು ಬಹುಮಾನದ ಟಗರಿನ ಕೊರಳಿಗೆ ಹಾರ ಹಾಕಿ, ತಮಟೆ ಬಡಿದುಕೊಂಡು ಹೊರಟರು. ರೇವಣ್ಣ ಮೈಕಿನ ವೈರು ಸುತ್ತತೊಡಗಿದ. ಸಿದ್ದರಾಜು ಬ್ಯಾಟನ್ನು ಎಳೆದುಕೊಂಡು ನಿಧಾನ ನಡೆದು ಬಂದು, ನನ್ನ ಪಕ್ಕ ನೆಲದ ಮೇಲೆ ಕೂತ, ಅಂಗಿಯ ತುದಿಯಿಂದ ಮುಖ ಒರೆಸಿಕೊಂಡ. ಅವನೇ ಕೇಳಿದ.

“ನೋಡ್ದೇನ್ಲಾ? ಎಷ್ಟೆತ್ರ ಹೋಯ್ತು ನೋಡ್ದಾ?”

“ನೋಡ್ದೆ ಕಣ್ಲಾ,” ಎಂದೆ.

ಅವನು ತಲೆಯಾಡಿಸಿದ. ಕತ್ತಲಾಗುವವರೆಗೂ ಇಬ್ಬರೂ ಅಲ್ಲೇ ಕೂತಿದ್ದೆವು.

ಮಳೆಗಾಲಕ್ಕೆ ಮುಂಚೆಯೇ ಬೇಲಿ ಬಂತು. ತೋಟ ಹೋದ ಮೇಲೆ ಸಿದ್ದರಾಜು, ಜಯಮ್ಮ ಸಾತನೂರಿನ ಕಡೆ ಒಂದಿಷ್ಟು ಹೊಲ ಮಾಡಿಕೊಂಡು ಹೊರಟುಹೋದರು. ಮದುವೆ ಮುಂಜಿಗಳಲ್ಲಿ ಸಿಗುತ್ತಾನೆ. ಕೈ ಹಿಡಿದುಕೊಂಡು ಪಕ್ಕ ಕೂರುತ್ತಾನೆ. ನಾನು ಬಸ್ಸಿನಲ್ಲಿ ಆ ರಸ್ತೆಯಲ್ಲಿ ಹಾದುಹೋಗುವಾಗ ಕಿಟಕಿಯಿಂದ ಇಣುಕುತ್ತೇನೆ. ಶೆಡ್ಡುಗಳ ಸಾಲಿನಲ್ಲಿ ಪಿಚ್ಚು ಎಲ್ಲಿತ್ತು, ನಾನು ಕೂತ ಕಲ್ಲು ಎಲ್ಲಿತ್ತು ಎಂದು ಗುರುತಿಸಲು ಒಂದು ಸಲವೂ ಆಗಿಲ್ಲ. ಆ ನೆಲವನ್ನು ಮತ್ತೊಮ್ಮೆ ಬರಿಗಾಲಲ್ಲಿ ಮೆಟ್ಟಬೇಕೆಂಬ ಆಸೆಯನ್ನು ಯಾವ ಗೇಟಿನಲ್ಲಿ ನಿಂತು ಯಾರಿಗೆ ಹೇಳುವುದು?

ಈಚೆಗೆ ಈ ಕಥೆಯನ್ನು ಚಹಾ ಕುಡಿಯುತ್ತ ಒಬ್ಬ ಕಿರಿಯ ಸಹೋದ್ಯೋಗಿಗೆ ಹೇಳಿದೆ. ಒಳ್ಳೆಯ ಹುಡುಗ, ವಿಚಾರವಂತ. ಕನಿಕರದಿಂದ, “ಸಾರ್, ನೀವು ಹೋಗದಿದ್ದರೂ ಆ ಕ್ಯಾಚು ಹಿಡಿಯುತ್ತಿದ್ದರು. ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ, ಅದೆಲ್ಲ ಮೂಢನಂಬಿಕೆ,” ಎಂದ. ನನಗೆ ಎಲ್ಲಿತ್ತೋ ಕೋಪ, ಚಹಾದ ಲೋಟವನ್ನು ಕುಕ್ಕಿ ಎದ್ದು ಬಂದೆ. ಪಾಪ, ಅವನಿಗೆ ಅರ್ಥವಾಗಿರಲಿಕ್ಕಿಲ್ಲ. ಅವನು ಹೇಳಿದ್ದು ನನ್ನದೇ ಪಾಠ, ನಾನೇ ವರ್ಷವೂ ಬಹುಮಾನ ಕೊಡುವ ಮಾತು.

ಆದರೆ ಯೋಚಿಸಿ ನೋಡಿ. ಸಿದ್ದರಾಜು ಅದನ್ನು ಪೂರ್ತಿಯಾಗಿ ನಂಬಿದ್ದ. ನಾನು ಬಂದರೆ ಸೋಲು ಎಂದು ನಂಬಿಯೇ ಇಡೀ ಟೂರ್ನಮೆಂಟು ನನ್ನನ್ನು ದೂರವಿಟ್ಟ. ಆ ನಂಬಿಕೆಯನ್ನು ಬಿಡದೆಯೇ ಕೊನೆಗೆ ಮೈಕು ಕಿತ್ತುಕೊಂಡ. ಬದುಕಿನಲ್ಲಿ ಅವನು ಅಷ್ಟು ಆಸೆಪಟ್ಟದ್ದು ಅದೊಂದನ್ನೇ, ಅದು ಕೈಗೆ ಸಿಗುವಷ್ಟು ಹತ್ತಿರ ಬಂದಿತ್ತು. ನನ್ನ ಕಾಲ್ಗುಣ ಸುಳ್ಳೆಂದರೆ, ಅಂದು ಅವನು ಕೊಟ್ಟದ್ದೂ ಇಲ್ಲವಾಗುತ್ತದೆ. ಆಟ ನೋಡಲು ಗೆಳೆಯನನ್ನು ಕರೆದ, ಅಷ್ಟೇ ಆಗುತ್ತದೆ. ಅದನ್ನು ನಾನು ಒಪ್ಪಲಾರೆ. ಬೇರೆಲ್ಲ ಮೂಢನಂಬಿಕೆಗಳನ್ನು ತಾವು ನಿರ್ಮೂಲ ಮಾಡಿ, ನಾನೂ ಕೈಜೋಡಿಸುತ್ತೇನೆ. ಇದೊಂದನ್ನು ನನಗೆ ಬಿಟ್ಟುಬಿಡಿ.

ನಾನು ಹೋದದ್ದರಿಂದಲೇ ಅವರು ಸೋತರು. ಸೋಲುತ್ತೇನೆಂದು ಸಿದ್ದರಾಜುವಿಗೆ ಗೊತ್ತಿತ್ತು. ಗೊತ್ತಿದ್ದೂ ಕರೆದ.